ಕೆಲಸದ ಪಟ್ಟಿಯಲ್ಲಿ ಮೈಗೂ ಮಿಷಿನ್‌ಗೂ ಒಂದೊಂದು ಸಾಲು

ಸ್ಲ್ಯಾಬ್ ಹಾಕಿದ ಸಂಜೆ ನಮ್ಮ ಗಾರೆ ಕೆಲಸದವರೊಬ್ಬರು ಪ್ಯಾಂಟ್ ಮಡಚಿ ಮಂಡಿ ತೋರಿಸಿದರು. 'ಉರಿ ಏನಿಲ್ಲ ಸಾರ್, ಸ್ವಲ್ಪ ಕೆಂಪಗಾಗಿದೆ ಅಷ್ಟೆ' ಎಂದರು. ಮಧ್ಯಾಹ್ನವೆಲ್ಲ ಹಸಿ ಕಾಂಕ್ರೀಟಿನ ಮೇಲೆ ಮಂಡಿಯೂರಿ ಲೆವೆಲ್ ಎಳೆದಿದ್ದರು. ಮಾರನೇ ದಿನ ಅಲ್ಲಿ ಚರ್ಮ ಕಪ್ಪಾಗಿತ್ತು. ಇನ್ನೆರಡು ದಿನಕ್ಕೆ ಗಾಯ ಆಳಕ್ಕೆ ಇಳಿದಿತ್ತು. ಮೂರು ವಾರ ಅವರು ಕೆಲಸಕ್ಕೆ ಬರಲಿಲ್ಲ. ಪ್ಲಾಸ್ಟರಿಂಗ್ ನಿಂತಿತು. ಅದರ ಹಿಂದೆ ವೈರಿಂಗ್‌ನವರು, ಅವರ ಹಿಂದೆ ಟೈಲ್ಸ್‌ನವರು, ಎಲ್ಲರ ದಿನವೂ ಮುಂದಕ್ಕೆ ಹೋಯಿತು.

ನಾನು ಕಂಟ್ರಾಕ್ಟರ್. ನನ್ನ ಪಟ್ಟಿಯಲ್ಲಿ ಸಿಮೆಂಟಿಗೆ, ಕಂಬಿಗೆ, ಜಲ್ಲಿಗೆ ತಾರೀಖು ಬರೆದಿದ್ದೆ. ಮಂಡಿಗೆ ಕಟ್ಟುವ ರಬ್ಬರ್ ಪ್ಯಾಡಿಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಅವತ್ತಿನಿಂದ ಜನರ ಆರೋಗ್ಯ, ಸಲಕರಣೆ, ದಿನಗಳ ಲೆಕ್ಕ ಮೂರನ್ನೂ ಒಂದೇ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೇನೆ. ನೀವೂ ಹೀಗೆ ಮಾಡಿ ನೋಡಬಹುದು.

1. ಮೊದಲು ವಾರದ ಪಟ್ಟಿ

ಆರು ವಾರದ ಮುನ್ನೋಟ ಒಂದು ಪುಟದಲ್ಲಿರಲಿ, ಮುಂದಿನ ವಾರದ್ದು ಇನ್ನೊಂದು ಪುಟದಲ್ಲಿ. ವಾರದ ಪುಟವನ್ನು ನೀವೊಬ್ಬರೇ ಕೂತು ಬರೆಯಬೇಡಿ. ಗಾರೆ ಮೇಸ್ತ್ರಿ, ಕಾಂಕ್ರೀಟಿಗೆ ಅಚ್ಚು, ಆಸರೆ ಕಟ್ಟುವ ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು, ಪ್ಲಂಬರ್ ಎಲ್ಲರನ್ನೂ ಕೂರಿಸಿಕೊಂಡು ಬರೆಯಿರಿ. ಪ್ರತಿ ಕೆಲಸಕ್ಕೂ ಇಷ್ಟು ಕೇಳಿ: ಹಿಂದಿನ ಕೆಲಸ ಮುಗಿದಿದೆಯಾ? ಡ್ರಾಯಿಂಗ್ ಕೈಯಲ್ಲಿದೆಯಾ? ಸಾಮಾನು ಬಂದಿದೆಯಾ? ಜನ ಇದ್ದಾರಾ? ಮಿಷಿನ್ ಓಡುತ್ತಾ? ಈ ಕೆಲಸ ಮೈಗೆ ಏನು ಮಾಡುತ್ತೆ, ಅದಕ್ಕೆ ಏನು ಬೇಕು? ಒಂದಕ್ಕೆ 'ಇಲ್ಲ' ಅಂತ ಬಂದರೂ ಆ ಕೆಲಸ ಈ ವಾರದ ಪುಟಕ್ಕೆ ಬರಬಾರದು. ಆರು ವಾರದ ಪುಟದಲ್ಲೇ ಕಾಯಲಿ.

ಈ ಪದ್ಧತಿ ಹೊಸದೇನಲ್ಲ. ಅಮೆರಿಕದ ಗ್ಲೆನ್ ಬ್ಯಾಲರ್ಡ್ ಮತ್ತು ಗ್ರೆಗ್ ಹೋವೆಲ್ 1990ರ ದಶಕದಲ್ಲಿ ಇದನ್ನು 'ಲಾಸ್ಟ್ ಪ್ಲಾನರ್' ಎಂಬ ಹೆಸರಿನಲ್ಲಿ ಬೆಳೆಸಿದರು. ವಾರಕ್ಕೆ ಒಪ್ಪಿಕೊಂಡ ಕೆಲಸಗಳಲ್ಲಿ ಎಷ್ಟು ಮುಗಿಯುತ್ತವೆ ಎಂದು ಅವರು ಎಣಿಸಿದಾಗ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ನೀವೂ ಎಣಿಸಿ. ಹತ್ತು ಬರೆದು ಆರು ಮುಗಿದರೆ ಅರವತ್ತು ಪರ್ಸೆಂಟ್. ಮುಗಿಯದ ನಾಲ್ಕರ ಮುಂದೆ ಕಾರಣವನ್ನು ಒಂದೇ ಪದದಲ್ಲಿ ಬರೆಯಿರಿ: ಮಳೆ, ಸಾಮಾನು, ಮಿಷಿನ್, ಗಾಯ, ಜ್ವರ. ಎರಡು ತಿಂಗಳಾದ ಮೇಲೆ ಆ ಪದಗಳನ್ನು ಒಟ್ಟಿಗೆ ಓದಿ. ನಾನು ಓದಿದಾಗ ಮಳೆಗಿಂತ 'ಮಿಷಿನ್' ಜಾಸ್ತಿ ಇತ್ತು. ಅಲ್ಲಿಯವರೆಗೆ ಎಲ್ಲರ ಹತ್ತಿರವೂ ಮಳೆಯನ್ನೇ ಬೈಯುತ್ತಿದ್ದೆ.

2. ಕಾಂಕ್ರೀಟ್ ದಿನದ ಗಂಟೆ ಗೊತ್ತು ಮಾಡುವುದು

ಬಿಸಿಲುಗಾಲದಲ್ಲಿ ಬೆಳಕು ಹರಿಯುವ ಹೊತ್ತಿಗೇ ಮಿಕ್ಸರ್ ತಿರುಗಬೇಕು. ಜನಕ್ಕೂ ಒಳ್ಳೆಯದು, ಕಾಂಕ್ರೀಟಿಗೂ ಒಳ್ಳೆಯದು. ಬಿಸಿಲು ಗಾಳಿ ಎರಡೂ ಜೋರಿದ್ದರೆ ಸ್ಲ್ಯಾಬಿನ ಮೇಲ್ಮೈ ನೀರು ಬೇಗ ಆರಿ, ಗಟ್ಟಿಯಾಗುವ ಮೊದಲೇ ಬಿರುಕು ಬಿಡುತ್ತದೆ. ಅದೇ ಹೊತ್ತಿಗೆ ಮೇಲೆ ನಿಂತವರ ಮೈಯ ನೀರೂ ಆರಿರುತ್ತದೆ. ಸುಸ್ತಾದವರು ಮಾಡುವ ಮೊದಲ ಕೆಲಸ ಏನು ಗೊತ್ತಾ? ಎಳೆಯೋಕೆ ಸುಲಭ ಆಗಲಿ ಅಂತ ಕಲಸಿಗೆ ಇನ್ನೊಂದು ಬಕೆಟ್ ನೀರು ಸುರಿಯುವುದು. ಅಲ್ಲಿಗೆ ಕಾಂಕ್ರೀಟಿನ ಬಲ ಹೋಯಿತು. ಬೈದರೆ ಅವರು ಕೇಳುವುದಿಲ್ಲ. ಗಂಟೆ ಬದಲಾಯಿಸಿ, ಆಳು ಬದಲಾಯಿಸಿ.

ಸೆಖೆಯಲ್ಲಿ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಅಂದರೆ ಸುಮಾರು 250 ಮಿಲಿ ಲೀಟರ್. ಬಾಯಾರಿಕೆ ಆಗಲಿ ಅಂತ ಕಾಯುವುದು ಬೇಡ. ಹಾಗಂತ ಗಂಟೆಗೆ ಒಂದೂವರೆ ಲೀಟರ್ ದಾಟಿ ಕುಡಿಯುವುದೂ ಒಳ್ಳೆಯದಲ್ಲ, ರಕ್ತದ ಉಪ್ಪಿನಂಶ ಇಳಿಯುತ್ತದೆ. ನೀರಿನ ಕ್ಯಾನ್ ಕೆಳಗಿದ್ದರೆ ಯಾರೂ ಇಳಿದು ಬರುವುದಿಲ್ಲ. ಕೆಲಸ ನಡೆಯುವ ಮಹಡಿಯಲ್ಲೇ ಇರಲಿ.

ಹೊಸಬರು ಬಂದರೆ ಅವರ ಮೈ ಸೆಖೆಗೆ ಒಗ್ಗಬೇಕು. ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಪಾಲು, ಆಮೇಲೆ ದಿನಕ್ಕೆ ಅಷ್ಟಷ್ಟೇ ಜಾಸ್ತಿ. ಹಾಗಾಗಿ ಸ್ಲ್ಯಾಬಿನ ದಿನವೇ ಹೊಸ ತಂಡ ಕರೆಸಬೇಡಿ, ನಾಲ್ಕೈದು ದಿನ ಮೊದಲೇ ಕರೆಸಿ. ಬಿಸಿಲಿನಲ್ಲಿ ಇದ್ದವರು ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ಬೆವರು ಬರುತ್ತಿದ್ದರೂ ಸರಿ, ಅದು ಬಿಸಿಲಾಘಾತ ಎಂದೇ ತಿಳಿಯಿರಿ. ಆಂಬುಲೆನ್ಸ್ ಕರೆಯಿರಿ. ಅದು ಬರುವವರೆಗೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ.

3. ಹಸಿ ಸಿಮೆಂಟ್ ಮೈಗೆ ತಾಗದ ಹಾಗೆ

ಮೊದಲು ಹೇಳಿದ ಮಂಡಿಯ ವಿಷಯಕ್ಕೆ ಬರುತ್ತೇನೆ. ಸಿಮೆಂಟಿಗೆ ನೀರು ಬಿದ್ದರೆ ಅದು ಬಲವಾದ ಕ್ಷಾರ. ಕ್ಷಾರದ ಅಳತೆಯಾದ ಪಿಎಚ್ 12 ದಾಟುತ್ತದೆ. ಬೆಂಕಿ ತಾಗಿದರೆ ತಕ್ಷಣ ಕೈ ಎಳೆದುಕೊಳ್ಳುತ್ತೇವೆ, ಇದು ಹಾಗಲ್ಲ. ಸುಡುವಾಗ ನೋವೇ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಗಂಟೆಗಳು ಕಳೆದಿರುತ್ತವೆ. ಬಟ್ಟೆ ನೆನೆದು ಮೈಗೆ ಅಂಟಿದ ಜಾಗ, ಗಮ್‌ಬೂಟಿನೊಳಗೆ ಸೇರಿದ ಕಲಸು, ಗ್ಲೌಸಿನೊಳಗೆ ಇಳಿದ ನೀರು ಇವೇ ಹೆಚ್ಚು ಅಪಾಯ. ಬೂಟಿನೊಳಗೆ ಕಲಸು ಹೋದರೆ 'ಮುಗಿಸಿ ತೊಳಿತೀನಿ' ಅನ್ನುವಂತಿಲ್ಲ. ಆಗಲೇ ಬಿಚ್ಚಬೇಕು, ಆಗಲೇ ತೊಳೆಯಬೇಕು.

ಪ್ಯಾಂಟನ್ನು ಬೂಟಿನ ಹೊರಗೆ ಬಿಡಿ, ಒಳಗೆ ತುರುಕಬೇಡಿ. ಬಟ್ಟೆಯ ಗ್ಲೌಸ್ ಬೇಡ, ಅದು ನೀರು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ನೀರು ಒಳಗಿಳಿಯದ ರಬ್ಬರಿನದ್ದು ಬೇಕು. ಚರ್ಮಕ್ಕೆ ತಾಗಿದರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕಣ್ಣಿಗೆ ಹಾರಿದರೂ ಅಷ್ಟೆ. ತೊಳೆದ ಮೇಲೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಸಿಮೆಂಟಿನಲ್ಲಿರುವ ಕ್ರೋಮಿಯಂನಿಂದ ಕೆಲವರಿಗೆ ಅಲರ್ಜಿ ಬರುತ್ತದೆ. ಒಮ್ಮೆ ಬಂದರೆ ವರ್ಷಗಟ್ಟಲೆ ಬಿಡುವುದಿಲ್ಲ. ಎಷ್ಟೋ ಒಳ್ಳೆಯ ಕೆಲಸಗಾರರು ಕೈ ಬಿರಿದು ಕೆಲಸ ಬಿಟ್ಟಿದ್ದಾರೆ.

4. ಕಟಿಂಗ್ ಮಿಷಿನ್‌ನ ಬಿಲ್ಲೆ ಓದುವುದು

ಒಂದು ಕಟಿಂಗ್ ಬಿಲ್ಲೆ ಕೈಗೆ ತೆಗೆದುಕೊಳ್ಳಿ. ನಡುವಿನ ತೂತಿನ ಸುತ್ತ ಒಂದು ಲೋಹದ ಉಂಗುರ ಇರುತ್ತದೆ. ಬೆಳಕಿಗೆ ಹಿಡಿದರೆ ಅದರ ಮೇಲೆ ತಿಂಗಳು, ವರ್ಷ ಕೊರೆದಿರುವುದು ಕಾಣುತ್ತದೆ. ಅದು ಎಕ್ಸ್‌ಪೈರಿ. ಬಿಲ್ಲೆಯ ಪುಡಿಗಳನ್ನು ಹಿಡಿದಿರುವ ಅಂಟು ತೇವಕ್ಕೆ, ಕಾಲಕ್ಕೆ ಸಡಿಲವಾಗುತ್ತದೆ. ತಾರೀಖು ಮುಗಿದ ಬಿಲ್ಲೆ ನೋಡೋಕೆ ಹೊಸದರ ಹಾಗೇ ಇರುತ್ತದೆ, ತಿರುಗುವಾಗ ಸಿಡಿಯುತ್ತದೆ.

ಲೇಬಲ್ ಮೇಲೆ ಇನ್ನೊಂದು ಸಂಖ್ಯೆ ಇದೆ, ನಿಮಿಷಕ್ಕೆ ಎಷ್ಟು ಸುತ್ತು ತಡೆಯುತ್ತದೆ ಎಂಬುದು. 4 ಇಂಚಿನದು ಸುಮಾರು 15,300 ತಡೆಯುತ್ತದೆ. 7 ಇಂಚಿನದು ಸುಮಾರು 8,500 ಮಾತ್ರ. ಚಿಕ್ಕ ಕಟಿಂಗ್ ಮಿಷಿನ್ (ಗ್ರೈಂಡರ್) ತಿರುಗುವುದು 11,000 ಆಸುಪಾಸು. ಈಗ ಆ ಚಿಕ್ಕ ಮಿಷಿನ್‌ನ ಗಾರ್ಡ್ (ಬಿಲ್ಲೆಗೆ ಮರೆಯಾಗುವ ಕವಚ) ಬಿಚ್ಚಿ ದೊಡ್ಡ ಬಿಲ್ಲೆ ಹಾಕಿದರೆ ಏನಾಗುತ್ತೆ? ಲೆಕ್ಕ ನೀವೇ ಮಾಡಿ. ಸೈಟಿನಲ್ಲಿ ದಿನವೂ ಕಾಣುವ ದೃಶ್ಯ ಇದು. ನನ್ನಲ್ಲಿ ಇದಕ್ಕೆ ಒಂದೇ ನಿಯಮ: ಗಾರ್ಡ್ ಇಲ್ಲದ ಗ್ರೈಂಡರ್‌ನ ಪ್ಲಗ್ ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಗಾರ್ಡ್ ಹಾಕಿಕೊಂಡು ಬಂದವರಿಗೆ ವಾಪಸ್. ಹೊಸ ಬಿಲ್ಲೆ ಹಾಕಿದ ಮೇಲೆ ಮುಖದಿಂದ ದೂರ ಹಿಡಿದು ಒಂದು ನಿಮಿಷ ಸುಮ್ನೆ ಓಡಿಸಿ, ಆಮೇಲೆ ಕತ್ತರಿಸಿ.

ಕರೆಂಟಿನ ವಿಷಯ ಚಿಕ್ಕದಾಗಿ. ಸೈಟಿನ ಬೋರ್ಡಿನಲ್ಲಿ 30 ಮಿಲಿ ಆಂಪ್‌ನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ, ಟೆಸ್ಟ್ ಬಟನ್ ಒತ್ತಿ ನೋಡುವ ದಿನ ಪಟ್ಟಿಯಲ್ಲಿರಲಿ. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿ ಬಳಸಿ, ಸುರುಳಿಯಲ್ಲೇ ಬಿಟ್ಟರೆ ಒಳಗೊಳಗೇ ಕಾದು ಕರಗುತ್ತದೆ. ಸ್ಲ್ಯಾಬಿನ ಹಿಂದಿನ ದಿನ ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಓಡಿಸಿ ನೋಡಿ, ಅದರ ಇನ್ನೊಂದು ಸೂಜಿ (ಕಾಂಕ್ರೀಟಿನೊಳಗೆ ಇಳಿಸುವ ಕೊಳವೆ) ಪಕ್ಕದಲ್ಲಿರಲಿ.

5. ಧೂಳು ಮತ್ತು ಸದ್ದು

ಕಾಂಕ್ರೀಟ್, ಕಲ್ಲು, ಟೈಲ್ಸ್ ಕತ್ತರಿಸಿದಾಗ ಏಳುವ ಮೋಡದಲ್ಲಿ ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯವಲ್ಲ. ಕಾಣದಷ್ಟು ಸಣ್ಣ ಸಿಲಿಕಾ ಕಣ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಉಪಾಯ ಸುಲಭ: ನೀರು ಬಿಟ್ಟುಕೊಂಡು ಕತ್ತರಿಸಿ, ಆದರೆ ನೀರಿಗೆ ತಕ್ಕಂತೆ ಮಾಡಿದ ಮಿಷಿನ್ ಮಾತ್ರ. ಗುಡಿಸುವ ಮುಂಚೆ ನೀರು ಚಿಮುಕಿಸಿ. ಬಟ್ಟೆಯ ಧೂಳನ್ನು ಗಾಳಿ ಪೈಪಿನಿಂದ ಊದಬೇಡಿ. ಮುಖಕ್ಕೆ ಕಟ್ಟುವ ಟವೆಲ್ ಮಾಸ್ಕ್ ಅಲ್ಲ. ಎನ್95 ಅಥವಾ ಅದಕ್ಕಿಂತ ಮೇಲಿನದ್ದು ಬೇಕು. ಗಡ್ಡ ಇದ್ದರೆ ಅದೂ ಅಂಚಿನಲ್ಲಿ ಸರಿಯಾಗಿ ಕೂರುವುದಿಲ್ಲ. ಇದನ್ನು ಹೇಳಿದಾಗ ಜಗಳವೇ ಆಗುತ್ತದೆ, ಆದರೂ ಹೇಳಬೇಕು. ನನ್ನ ಪಟ್ಟಿಯಲ್ಲಿ ಕತ್ತರಿಸುವ ಕೆಲಸಕ್ಕೆ ಬೇರೆ ಹೊತ್ತು, ಬೇರೆ ಮೂಲೆ. ಪಕ್ಕದಲ್ಲಿ ಬಣ್ಣ ಹೊಡೆಯುವವರು ಆ ಧೂಳು ಯಾಕೆ ಕುಡಿಯಬೇಕು?

ಸದ್ದಿಗೂ ಗಂಟೆಯ ಲೆಕ್ಕವಿದೆ. ಕಿವಿಗೆ ಏನೂ ಹಾಕದೆ 85 ಡೆಸಿಬೆಲ್ (ಸದ್ದಿನ ಅಳತೆ) ಸದ್ದಿನಲ್ಲಿ ದಿನಕ್ಕೆ ಹೆಚ್ಚೆಂದರೆ 8 ಗಂಟೆ. ಮೂರು ಏರಿದರೆ ಸಮಯ ಅರ್ಧ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಗ್ರೈಂಡರ್ ಕತ್ತರಿಸುವಾಗ ನೂರರ ಹತ್ತಿರ ಹೋಗುತ್ತದೆ. ಸದ್ದು ಅಳೆಯುವ ಮೀಟರ್ ಇಲ್ಲವಾ? ಎರಡು ಮೀಟರ್ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಕಿವಿಗೆ ಪ್ಲಗ್ ಬೇಕು. ಕಾಂಕ್ರೀಟ್ ಒಡೆಯುವ ಬ್ರೇಕರ್ ಹಿಡಿದವರ ಬೆರಳು ಜೋಮು ಹಿಡಿದರೆ, ಬಿಳಿಚಿಕೊಂಡರೆ ಅವರನ್ನು ಆ ಮಿಷಿನ್‌ನಿಂದ ತೆಗೆಯಿರಿ. ಶುರುವಿನಿಂದಲೇ ಇಬ್ಬರು ಸರದಿಯಲ್ಲಿ ಹಿಡಿಯುವ ಹಾಗೆ ಆಳು ಬರೆದುಕೊಳ್ಳಿ.

6. ಲೋಡ್ ಎಲ್ಲಿ ಇಳಿಸುವುದು, ಏಣಿ ಎಲ್ಲಿ ಹಾಕುವುದು

ಬೆನ್ನು ಹಿಡಿಯುವುದು ಎತ್ತುವುದರಿಂದ ಮಾತ್ರವಲ್ಲ, ಎರಡೆರಡು ಸಲ ಎತ್ತುವುದರಿಂದ. ಲಾರಿ ಬರುವ ಮುಂಚೆ ಜಾಗ ಗೊತ್ತು ಮಾಡಿ. ಸೊಂಟದ ಎತ್ತರದಲ್ಲಿ, ಮೈಗೆ ಹತ್ತಿರ ಹಿಡಿದು ಎತ್ತಿದರೂ 23 ಕೆಜಿ ದಾಟಿದರೆ ಬೆನ್ನಿಗೆ ಜಾಸ್ತಿಯೇ. 50 ಕೆಜಿ ಚೀಲಕ್ಕೆ ಇಬ್ಬರು ಅಥವಾ ತಳ್ಳುಗಾಡಿ. ಸಿಮೆಂಟ್ ಚೀಲಗಳನ್ನು ನೆಲದಿಂದ ಎತ್ತರಿಸಿ, ಗೋಡೆಯಿಂದ ಒಂದಡಿ ಬಿಟ್ಟು, ಹತ್ತಕ್ಕಿಂತ ಎತ್ತರ ಪೇರಿಸದೆ ಇಡಿ. ಮೊದಲು ಬಂದದ್ದು ಮೊದಲು ಹೋಗಲಿ. ಮೂರು ತಿಂಗಳು ಕೂತ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಸ್ಲ್ಯಾಬಿಗೆ ಹಾಕಬೇಡಿ.

ಕಟ್ಟಡದ ಕೆಲಸದಲ್ಲಿ ಅತಿ ಹೆಚ್ಚು ಜೀವ ಹೋಗುವುದು ಮೇಲಿನಿಂದ ಬಿದ್ದು. ಏಣಿ ನಾಲ್ಕು ಮೀಟರ್ ಎತ್ತರಕ್ಕೆ ಒರಗಿದ್ದರೆ ಬುಡ ಒಂದು ಮೀಟರ್ ಆಚೆ ಇರಲಿ. ಹತ್ತಿ ಇಳಿಯುವ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಚಾಚಿರಲಿ, ತುದಿ ಕಟ್ಟಿರಲಿ. ಬೀಳದಂತೆ ಮೈಗೆ ಕಟ್ಟುವ ಹಾರ್ನೆಸ್‌ನ ಕೊಕ್ಕೆ ತಲೆಗಿಂತ ಮೇಲೆ ಸಿಕ್ಕಿಸಬೇಕು, ಅದೂ ಗಟ್ಟಿ ಜಾಗಕ್ಕೆ. ಒಮ್ಮೆ ಬಿದ್ದವರನ್ನು ತಡೆದ ಹಾರ್ನೆಸ್ ಮತ್ತೆ ಬಳಕೆಗಿಲ್ಲ. ಸಾರುವೆಯನ್ನು ಮಳೆ ಗಾಳಿ ಆದ ಮಾರನೇ ಬೆಳಗ್ಗೆ ನೋಡದೆ ಯಾರನ್ನೂ ಹತ್ತಿಸಬೇಡಿ.

7. ಕಡಿಮೆ ಮಾಡಬಾರದ ದಿನಗಳು

ಪಟ್ಟಿ ಹಿಂದೆ ಬಿದ್ದಾಗ ಕೈ ಹೋಗುವುದು ಸೆಂಟ್ರಿಂಗ್ ಬಿಚ್ಚುವ ದಿನದ ಮೇಲೆ. ಅದನ್ನು ಮಾತ್ರ ಮುಟ್ಟಬೇಡಿ. ಕಾಂಕ್ರೀಟಿನ ಬಲವನ್ನು ಸಾಮಾನ್ಯವಾಗಿ 28 ದಿನಕ್ಕೆ ಅಳೆಯುತ್ತಾರೆ. 7 ದಿನಕ್ಕೆ ಅದರ ಮೂರರಲ್ಲಿ ಎರಡು ಪಾಲು ಬಂದಿರುತ್ತದೆ, ಚಳಿ ಇದ್ದರೆ ಇನ್ನೂ ಕಡಿಮೆ. ಬೀಮಿನ, ಸ್ಲ್ಯಾಬಿನ ಪ್ರಾಪ್ಸ್ (ಕೆಳಗಿನ ಆಸರೆ ಕಂಬ) ಎಷ್ಟು ದಿನ ನಿಲ್ಲಬೇಕು ಎಂದು ಎಂಜಿನಿಯರ್ ಬರೆದುಕೊಡಲಿ. ಆ ದಿನಗಳನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ದಿನ ಉಳಿಸುವುದಿದ್ದರೆ ಬೇರೆ ಕೆಲಸದಲ್ಲಿ ಉಳಿಸಿ.

ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಬಲಿಯುವವರೆಗೆ ಹಸಿಯಾಗಿಡಲು, ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ತೆಗೆದುಕೊಳ್ಳುವುದು ಸುಮಾರು 7ರಿಂದ 10 ದಿನ. ಕ್ಯೂರಿಂಗ್‌ಗೂ ಹೆಚ್ಚುಕಮ್ಮಿ ಅಷ್ಟೇ ದಿನ! ನಾವೇ ಸಾಕಿದ ಹಾಗಾಯಿತು, ಅಲ್ವಾ? ಐದು ದಿನಕ್ಕೊಮ್ಮೆ ನೀರು ಪೂರ್ತಿ ಹರಿಸಿ, ತಳ ಉಜ್ಜಿ, ಆಗಲೇ ಹೊಸ ನೀರು ಕಟ್ಟಿ. ಸ್ಲ್ಯಾಬ್ ಆರಲು ಬಿಡಬೇಡಿ. ಡ್ರಮ್ಮುಗಳಿಗೆ ಮುಚ್ಚಳ ಇರಲಿ. ಲಿಫ್ಟಿಗೆ ತೋಡಿದ ಗುಂಡಿಯಲ್ಲಿ ನಿಂತ ನೀರನ್ನೂ ಮರೆಯಬೇಡಿ.

8. ನಿಮ್ಮದೂ ಒಂದು ಸಾಲು

ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಎಲ್ಲರ ಟೆಟನಸ್ ಇಂಜೆಕ್ಷನ್ ತಾರೀಖು ಇರಲಿ. ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು. ಮಣ್ಣಾದ ಮೊಳೆ ಚುಚ್ಚಿದರೆ, ಕೊನೆಯದು ಹಾಕಿಸಿ ಐದು ವರ್ಷ ದಾಟಿದ್ದರೆ ಆಗಲೇ ಹಾಕಿಸಬೇಕು. ಆ ಪುಟದಲ್ಲಿ ಕಂಟ್ರಾಕ್ಟರ್ ಹೆಸರೂ ಸೇರಲಿ. ನನ್ನ ಹೆಸರಿನ ಮುಂದೆ ಬಿಪಿ ಎಂದು ಬರೆದು ತಾರೀಖು ಹಾಕದೆ ಎರಡು ವರ್ಷ ಬಿಟ್ಟಿದ್ದೆ. ಹೋಗಿ ನೋಡಿಸಿದಾಗ ಮಾತ್ರೆ ಶುರುವಾಯಿತು. ಏಣಿ ಮೇಲೆ ಫೋನ್ ತೆಗೆಯುವ ಚಾಳಿ ನನಗೂ ಇತ್ತು. ಈಗ ಮೇಲೆ ಹತ್ತುವ ಮುಂಚೆ ಫೋನನ್ನು ಕೆಳಗೆ ಮೇಸ್ತ್ರಿ ಕೈಗೆ ಕೊಟ್ಟು ಹೋಗುತ್ತೇನೆ. ಕರೆ ಬಂದರೆ 'ಸಾರ್ ಮೇಲಿದ್ದಾರೆ, ಇಳಿದು ಮಾತಾಡ್ತಾರೆ' ಎನ್ನುತ್ತಾರೆ.