ಮೀನು ಬೇಯಿಸದ ಮನೆಯಲ್ಲಿ ಮೀನಿನ ವಾಸನೆ

ನಮ್ಮದು ಮೀನು, ಮಾಂಸ ಬೇಯುವ ಮನೆಯಲ್ಲ. ಅಂಥದ್ದರಲ್ಲಿ ಮೂರು ವರ್ಷದ ಹಿಂದೆ ನವರಾತ್ರಿಯ ಒಂದು ಸಂಜೆ, ಗೊಂಬೆ ನೋಡಲು ಬಂದ ಮಕ್ಕಳಿಗೆ ಚರ್ಪು ಹಂಚುತ್ತಿದ್ದಾಗ ಮೀನಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. "ಪಕ್ಕದ ಮನೆಯವರು ಏನೋ ಹುರೀತಿದ್ದಾರೆ ಅತ್ತೆ" ಎಂದು ಸೊಸೆ ಕಿಟಕಿ ಮುಚ್ಚಿದಳು. ಮುಚ್ಚಿದ ಮೇಲೆ ವಾಸನೆ ಇನ್ನೂ ಜಾಸ್ತಿಯಾಯಿತು. ಅಂದರೆ ಅದು ಹೊರಗಿನದಲ್ಲ.

ಗೊಂಬೆ ಮೆಟ್ಟಿಲಿಗೆ ಹೊದಿಸಿದ್ದ ಬಿಳಿ ಪಂಚೆಯನ್ನು ಪಕ್ಕಕ್ಕೆ ಸರಿಸಿ ಬಗ್ಗಿ ನೋಡಿದೆ. ಕೆಳಗೆ ಎಕ್ಸ್‌ಟೆನ್ಶನ್ ಬೋರ್ಡು. ಅದರಲ್ಲಿ ಎರಡು ಸೀರಿಯಲ್ ಸೆಟ್ಟು, ಪಾರ್ಕಿನ ಕಾರಂಜಿಗೆ ಒಂದು ಪುಟ್ಟ ಮೋಟಾರು, ಅಷ್ಟಿದ್ದರೆ ಚಿಂತೆಯಿರಲಿಲ್ಲ. ನಾಲ್ಕನೆಯದು ಕಾಫಿಗೆ ನೀರು ಕಾಯಿಸುವ ಕೆಟಲ್. ಅಡುಗೆಮನೆಗೆ ಓಡಾಡುವುದು ಯಾಕೆಂದು ಯಾರೋ ಪುಣ್ಯಾತ್ಮರು ಹಾಲ್‌ಗೇ ತಂದು ಹಾಕಿದ್ದರು. ಕೆಟಲ್‌ನ ದಪ್ಪ ಪಿನ್ನು ಬೋರ್ಡಿನ ಸಣ್ಣ ತೂತಿಗೆ ಹಿಡಿಸುವುದಿಲ್ಲವಲ್ಲ, ಅದಕ್ಕೆ ನಡುವೆ ಒಂದು ಕನ್ವರ್ಷನ್ ಪ್ಲಗ್ಗು. ಗೋಡೆಯ ಸ್ವಿಚ್ ಆಫ್ ಮಾಡಿ ಅದನ್ನು ಎಳೆದರೆ ಕೈಗೆ ಬರಲೊಲ್ಲದು. ಬಂದಾಗ ಪಿನ್ನು ಕಪ್ಪಾಗಿತ್ತು, ಬೋರ್ಡಿನ ದುಂಡು ತೂತು ಕರಗಿ ಹುಣಸೆಬೀಜದಂತೆ ಸೊಟ್ಟಗಾಗಿತ್ತು. ಪಂಚೆಯ ಅಂಚಿನಲ್ಲಿ ಅಂಗೈ ಅಗಲ ಕಂದು ಕಲೆ. ಇನ್ನೊಂದು ಕಾಲು ಗಂಟೆ ಹೋಗಿದ್ದರೆ ಪಟ್ಟದ ಗೊಂಬೆಗಳ ಸಮೇತ ಏನಾಗುತ್ತಿತ್ತೋ.

ಪ್ಲಗ್ಗು, ಸಾಕೆಟ್ಟಿಗೆ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ಕು ವಿಪರೀತ ಕಾದರೆ ಮೀನಿನ ಹಾಗೆ, ಕೆಲವೊಮ್ಮೆ ಉಚ್ಚೆಯ ಹಾಗೆ ನಾರುತ್ತದೆ. ಸುಟ್ಟ ವಾಸನೆ, ಹೊಗೆ ಎಲ್ಲ ಆಮೇಲಿನದು. ಕಾರಣವಿಲ್ಲದೆ ಮನೆಯಲ್ಲಿ ಅಂಥ ನಾತ ಬಂದರೆ ಊದುಬತ್ತಿ ಹಚ್ಚಬೇಡಿ, ಬೋರ್ಡುಗಳನ್ನು ಹುಡುಕಿ. ಸ್ವಿಚ್ಚೇ ಬಿಸಿಯಾಗಿದ್ದರೆ, ಚಿಟಚಿಟ ಸದ್ದು ಬರುತ್ತಿದ್ದರೆ ಅದನ್ನು ಮುಟ್ಟದೆ ಸೀದಾ ಹೋಗಿ ಮೈನ್ ಆಫ್ ಮಾಡಿ.

"ಎಂಸಿಬಿ ಇದೆಯಲ್ಲಮ್ಮ, ಅದು ಟ್ರಿಪ್ ಆಗಬೇಕಿತ್ತು" ಅಂದ ಮಗ. ಎಂಜಿನಿಯರ್ ಓದಿದವನು ಹೀಗೆ ಕೇಳಿದ್ದಕ್ಕೆ ನನಗೆ ಸ್ವಲ್ಪ ನಗು ಬಂತು. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದಾಗ ತಾನಾಗೇ ಆಫ್ ಆಗುವ ಸ್ವಿಚ್ಚು, ಆ ಲೈನಿಗಿದ್ದದ್ದು 16 ಆಂಪಿಯರ್‌ನದು. ನಮ್ಮ ಕರೆಂಟು 230 ವೋಲ್ಟು. ಗುಣಿಸಿದರೆ 3680 ವ್ಯಾಟ್ ತನಕ ಅದು ಸುಮ್ಮನೆ ಕೂತಿರುತ್ತದೆ. ಸಣ್ಣ ಪಿನ್ನಿನ ಬೋರ್ಡಿನ ತಾಕತ್ತು 6 ಆಂಪಿಯರ್, ಅಂದರೆ 1380 ವ್ಯಾಟ್. ಕೆಟಲ್ ಒಂದೇ 1500. ಬೋರ್ಡು ಬೇಯುತ್ತಿದ್ದರೂ ಎಂಸಿಬಿಯ ಲೆಕ್ಕದಲ್ಲಿ ಎಲ್ಲ ಕ್ಷೇಮ. ಅದು ಕಾಯುವುದು ಗೋಡೆಯೊಳಗಿನ ವೈರನ್ನು, ನಾವು ಅಂಗಡಿಯಿಂದ ತಂದ ಬೋರ್ಡನ್ನಲ್ಲ. ಆರ್‌ಸಿಸಿಬಿ ಹಾಕಿಸಿದ್ದೇವೆ ಎಂದು ಧೈರ್ಯವಾಗಿರುವವರೂ ಇದ್ದಾರೆ. ಹಾಕಿಸಲೇಬೇಕು, ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್‌ನದು ಶಾಕ್ ಹೊಡೆದಾಗ ಜೀವ ಉಳಿಸುತ್ತದೆ. ಆದರೆ ಕರೆಂಟು ಸೋರಿದರೆ ಮಾತ್ರ ಅದಕ್ಕೆ ಗೊತ್ತಾಗುವುದು, ಪ್ಲಗ್ಗು ಬಿಸಿಯಾದರೆ ಅಲ್ಲ.

ಪಿನ್ನುಗಳನ್ನು ಸಣ್ಣದು, ದಪ್ಪ ಅಂತ ಎರಡು ಅಳತೆಯಲ್ಲಿ ಮಾಡಿದವರು ಹುಚ್ಚರಲ್ಲ. ದಪ್ಪ ಪಿನ್ನು ಸಣ್ಣ ತೂತಿಗೆ ಹೋಗದಿರುವುದೇ "ಇಲ್ಲಿ ನನಗೆ ಜಾಗವಿಲ್ಲ" ಎಂದು ಅದು ಹೇಳುವ ಮಾತು. ಆ ಬಾಯಿ ಮುಚ್ಚಿಸುವ ಕನ್ವರ್ಷನ್ ಪ್ಲಗ್ಗು ನಮ್ಮ ಮನೆಯಲ್ಲಿ ಈಗ ಒಂದೂ ಇಲ್ಲ. ನೆಂಟರು ತಂದರೆ ಅವರ ಚೀಲಕ್ಕೇ ವಾಪಸ್ಸು ಹಾಕಿಸುತ್ತೇನೆ.

ಯಂತ್ರದ ತಳದಲ್ಲಿ ವ್ಯಾಟ್ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಒಂದು ಸಲ ಓದಿ. ಫೋನ್ ಚಾರ್ಜರ್, ವೈಫೈ ಡಬ್ಬಿ, ಟೇಬಲ್ ಲ್ಯಾಂಪು, ಟಿವಿ ಇವೆಲ್ಲ ಸೇರಿದರೂ ಬೋರ್ಡಿಗೆ ಭಾರವಿಲ್ಲ. ಇಸ್ತ್ರಿ ಪೆಟ್ಟಿಗೆಯೊಂದೇ 750ರಿಂದ 1000, ಇಂಡಕ್ಷನ್ ಸ್ಟವ್ 2000ದ ಹತ್ತಿರ, ರೂಮ್ ಹೀಟರ್ ಜೋರಾಗಿಟ್ಟರೆ 2000. ನನ್ನ ಲೆಕ್ಕ ಸುಲಭದ್ದು: ಕೆಲಸವೇ ಬಿಸಿ ಮಾಡುವುದಾದರೆ ಅದು ಗೋಡೆಯ ಪಾಯಿಂಟಿಗೆ. ಫ್ರಿಜ್ಜು, ವಾಷಿಂಗ್ ಮೆಷಿನ್ನೂ ಅಷ್ಟೆ, ಮೋಟಾರು ಶುರುವಾಗುವಾಗ ಜಾಸ್ತಿ ಎಳೆಯುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಪಿಜಿ ರೂಮುಗಳಲ್ಲಿ ಮಕ್ಕಳು ಹೀಟರನ್ನು ಮಂಚದ ಕೆಳಗಿನ ಬೋರ್ಡಿಗೆ ಸಿಕ್ಕಿಸಿ ಮಲಗುತ್ತಾರೆ. ಎರಡು ಕಂಬಳಿ ಹೊದ್ದುಕೊಳ್ಳಿ ಕಂದಮ್ಮಗಳಾ, ಬೆಂಗಳೂರಿನ ಚಳಿಗೆ ಅಷ್ಟು ಸಾಕು.

ಇನ್ನು ಲೂಸ್ ಕಾಂಟ್ಯಾಕ್ಟು. ನನ್ನ ಕಣ್ಣಿಗೆ ಇದು ಎಲ್ಲಕ್ಕಿಂತ ದೊಡ್ಡ ಕಳ್ಳ. ಸಾಕೆಟ್ಟಿನ ಒಳಗೆ ಹಿತ್ತಾಳೆಯ ತೆಳು ಪಟ್ಟಿಗಳಿರುತ್ತವೆ. ಅವು ಪಿನ್ನನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕು. ಹಾಕಿ ತೆಗೆದು, ಹಾಕಿ ತೆಗೆದು ಅವು ಸಡಿಲವಾದರೆ ಪಿನ್ನು ಎಲ್ಲೋ ಒಂದು ಚೂರು ಮಾತ್ರ ತಾಗುತ್ತಿರುತ್ತದೆ. ಅವೆನ್ಯೂ ರಸ್ತೆಯಲ್ಲಿ ಒಂದು ಗೂಡ್ಸ್ ಆಟೋ ಅಡ್ಡ ನಿಂತರೆ ಅಷ್ಟೂ ಜನ ಉಳಿದ ಸಂದಿಯಲ್ಲೇ ನುಗ್ಗುತ್ತಾರಲ್ಲ, ಹಾಗೆ ಅಷ್ಟೂ ಕರೆಂಟು ಆ ಚೂರಿನಲ್ಲೇ ಹಾಯಬೇಕು. ಆ ಚೂರು ಬಿಸಿಯಾಗುತ್ತದೆ, ಅದರಲ್ಲೂ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ಬಿಸಿಗೆ ಪಟ್ಟಿ ಇನ್ನಷ್ಟು ಸಡಿಲ, ಸಡಿಲಾದಷ್ಟೂ ಇನ್ನಷ್ಟು ಬಿಸಿ. ಚಾರ್ಜರನ್ನು ವಾಲಿಸಿ, ಕೆಳಗೆ ಪುಸ್ತಕ ಕೊಟ್ಟು ನಿಲ್ಲಿಸಿದರೆ ಮಾತ್ರ ಕೆಲಸ ಮಾಡುವ ಬೋರ್ಡು ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಬಿಸಾಡಿ. ಒಳಗೆ ಕಾಗದ ಮಡಚಿ ತುರುಕುವವರನ್ನೂ ನೋಡಿದ್ದೇನೆ, ಅವರಿಗೆ ಏನು ಹೇಳಬೇಕೋ ತಿಳಿಯದು.

ಪರೀಕ್ಷೆಗೆ ಕೈಯೇ ಸಾಕು. ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯ ಹಿಂಬದಿಯನ್ನು ಪ್ಲಗ್ಗಿನ ಮೈಗೆ ತಾಗಿಸಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾರದಷ್ಟಿದ್ದರೆ ಆ ಪ್ಲಗ್ಗು, ಆ ಸಾಕೆಟ್ಟು ಎರಡನ್ನೂ ಬದಲಾಯಿಸಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಸುಟ್ಟಿದ್ದು ಹೊಸದನ್ನೂ ಸುಡುತ್ತದೆ.

ಬೋರ್ಡಿಗೆ ಬೋರ್ಡು ಸಿಕ್ಕಿಸಬೇಡಿ, ಮೊದಲನೆಯದರ ತಲೆಯ ಮೇಲೆ ಎಲ್ಲರ ಭಾರ ಬೀಳುತ್ತದೆ. ವೈರನ್ನು ಅಂದಕ್ಕೆ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದು, ಜಮಖಾನದ ಅಡಿಗೆ ತಳ್ಳುವುದು, ಸೋಫಾದ ಕಾಲಿನ ಕೆಳಗೆ ಸಿಕ್ಕಿಸುವುದು ಬೇಡ. ಬಿಸಿ ಹೊರಗೆ ಹೋಗಲು ದಾರಿ ಬೇಕು. ನೆಲ ಒರೆಸುವ ನೀರು ತಾಗದಂತೆ ಬೋರ್ಡನ್ನು ಗೋಡೆಗೆ ಮೊಳೆ ಹೊಡೆದು ನೇತು ಹಾಕಿ. ಕರೆಂಟು ಹೋದಾಗ ಇಸ್ತ್ರಿಯನ್ನು ಹಾಸಿಗೆಯ ಮೇಲೆ ಹಾಗೇ ಬಿಟ್ಟು ಆಚೆ ಹೋಗುವ ಅಭ್ಯಾಸ ನಮ್ಮೂರಲ್ಲಿ ಬಹಳ. ಬರುವುದು ಯಾವ ಹೊತ್ತಿಗೋ, ನೀವು ಆಗ ಎಲ್ಲಿರುತ್ತೀರೋ. ಹೋದ ಕೂಡಲೇ ಪ್ಲಗ್ಗು ಕಿತ್ತಿಡಿ.

ಬೋರ್ಡು ಕೊಳ್ಳಲು ನಾನು ಈಗಲೂ ಬಿವಿಕೆ ಅಯ್ಯಂಗಾರ್ ರಸ್ತೆಗೇ ಹೋಗುವುದು. ಐಎಸ್‌ಐ ಗುರುತು, ಪ್ಲಗ್ಗು ಸಾಕೆಟ್ಟಿನದಾದರೆ ಐಎಸ್ 1293 ಎಂಬ ನಂಬರು ನೋಡುತ್ತೇನೆ. ಆಮೇಲೆ ಕೈಯಲ್ಲಿ ತೂಗುತ್ತೇನೆ. ಹಪ್ಪಳದಂತೆ ಹಗುರಾಗಿದ್ದರೆ ಒಳಗೆ ಲೋಹವೇ ಇಲ್ಲ ಎಂದರ್ಥ. ವೈರಿನ ಮೇಲೆ ಎಷ್ಟು ಚದರ ಮಿಲಿಮೀಟರ್ ಎಂದು ಅಚ್ಚಾಗಿರುತ್ತದೆ, ಅದೇ ಇಲ್ಲದ ವೈರು ಬೇಡ. "ಸ್ಪೈಕ್ ಗಾರ್ಡ್ ಇದೆ ಆಂಟಿ" ಎಂದು ಹುಡುಗ ಹೊಗಳುತ್ತಾನೆ. ಅದು ವೋಲ್ಟೇಜ್ ಹಾರಿದಾಗ ಕಂಪ್ಯೂಟರ್ ಕಾಯುವುದಕ್ಕೆ. ಭಾರ ಹೊರಲು ಅದರಿಂದ ಹೆಚ್ಚಿನ ಶಕ್ತಿಯೇನೂ ಬರುವುದಿಲ್ಲ.

ಆದರೆ ನಿಜವಾದ ತೊಂದರೆ ಬೋರ್ಡಿನದಲ್ಲ, ಪಾಯಿಂಟು ಸಾಲದ್ದು. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ 1905ರಲ್ಲಿ ಬಂದದ್ದು ಬೀದಿದೀಪಕ್ಕೆ. ನಮ್ಮತ್ತೆ ಕೊನೆಯವರೆಗೂ "ಲೈಟ್ ಬಿಲ್ಲು" ಎಂದೇ ಹೇಳುತ್ತಿದ್ದರು. ಹನುಮಂತನಗರದ ಈ ಮನೆಯನ್ನು ನಾವು 1984ರಲ್ಲಿ ಕಟ್ಟಿಸುವಾಗಲೂ ಕೋಣೆಗೊಂದು ಪಾಯಿಂಟೇ ಧಾರಾಳ ಎನಿಸಿತ್ತು. ಈಗ ಅಡುಗೆಮನೆಯೊಂದಕ್ಕೇ ಐದು ಬೇಕು. ಗೊಂಬೆಯ ಪ್ರಸಂಗ ಆದ ತಿಂಗಳೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಡಿಬಿಯಿಂದ, ಅಂದರೆ ಎಂಸಿಬಿಗಳಿರುವ ಡಬ್ಬಿಯಿಂದ, ಬೇರೆ ಲೈನ್ ಎಳೆಸಿ, ಪವರ್ ಪಾಯಿಂಟಿಗೆ 2.5 ಚದರ ಮಿಲಿಮೀಟರಿನ ವೈರು, ಗೀಸರಿಗೆ 4ರ ವೈರು ಹಾಕಿಸಿದೆ. ಗೋಡೆ ಕೊರೆದ ಧೂಳು ವಾರವಿಡೀ ಸಾರಿನಲ್ಲೂ ಸಿಕ್ಕಿತು, ಹೋಗಲಿ. ಬಾಡಿಗೆ ಮನೆಯವರು ಅಡ್ವಾನ್ಸ್ ಕೊಡುವ ಮುಂಚೆ ಬಾತ್‌ರೂಮ್ ಟೈಲ್ಸ್ ನೋಡುವ ಹಾಗೆ ಪವರ್ ಪಾಯಿಂಟೂ ಎಣಿಸಿಕೊಳ್ಳಿ. ಪದೇ ಪದೇ ಟ್ರಿಪ್ ಆಗುತ್ತದೆಂದು 16ರ ಎಂಸಿಬಿ ಕಿತ್ತು 32ರದ್ದು ಹಾಕಿಕೊಡುತ್ತೇನೆ ಎನ್ನುವವನನ್ನು ಕಾಫಿ ಕೊಟ್ಟು ಕಳಿಸಿಬಿಡಿ. ಹಿಂದೆ ಪಿಂಗಾಣಿ ಫ್ಯೂಸಿಗೆ ಎರಡೆಳೆ ತಾಮ್ರ ಸುತ್ತುತ್ತಿದ್ದರಲ್ಲ, ಅದೇ ಬುದ್ಧಿ ಇದು.

ನಾನು ವರ್ಷಕ್ಕೊಮ್ಮೆ ಎಲ್ಲ ಬೋರ್ಡುಗಳನ್ನು ಒಟ್ಟಿಗೆ ನೋಡುವುದು ಆಯುಧಪೂಜೆಯ ಹಿಂದಿನ ದಿನ. ಮಿಕ್ಸಿ, ಸ್ಕೂಟರ್ ತೊಳೆದು ಒರೆಸುವಾಗ ಇವನ್ನೂ ಕಿತ್ತು, ಕಪ್ಪಾದ ತೂತು, ಹಳದಿಗಟ್ಟಿದ ಮೈ, ಇಲಿ ಕಡಿದ ವೈರು ಹುಡುಕುತ್ತೇನೆ. ಪೂಜೆಯ ಅರಿಶಿನ ಕುಂಕುಮ ಒಣಗಿದ್ದಿರಲಿ, ಅದೂ ಅಂಚಿಗೆ. ಕಲಸಿದ್ದನ್ನು ಸ್ವಿಚ್ ಬೋರ್ಡಿನ ತೂತಿಗೆ ಸವರಿದ ಭಕ್ತರು ನಮ್ಮ ಮನೆಯಲ್ಲೇ ಇದ್ದಾರೆ.

ಇಷ್ಟಾದರೂ ಹೊತ್ತಿಕೊಂಡರೆ ನೀರು ಎರಚಬೇಡಿ. ಮೊದಲು ಮೈನ್. ಸಣ್ಣದಾಗಿದ್ದರೆ ಒಣ ಮರಳು, ಇಲ್ಲವೇ ಬೆಂಕಿ ಆರಿಸುವ ಎಬಿಸಿ ಪೌಡರ್‌ನ ಸಿಲಿಂಡರು. ಕೈಮೀರಿದರೆ ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೋ 112ಕ್ಕೋ ಫೋನ್ ಮಾಡಿ. ಕಂಬದಲ್ಲಿ, ಮೀಟರಿನ ಹತ್ತಿರ ಕಿಡಿ ಕಂಡರೆ ಬೆಸ್ಕಾಂನ 1912. ಮೈನ್ ಎಲ್ಲಿದೆ ಎಂದು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿರಲಿ. ಅವತ್ತು ನಮ್ಮ ಡಿಬಿಯ ಮುಂದೆ ಪಂಚಾಂಗದ ಕ್ಯಾಲೆಂಡರ್ ನೇತಾಡುತ್ತಿತ್ತು, ಅದರ ಮೇಲೆ ಎರಡು ಛತ್ರಿ. ಈಗ ಕ್ಯಾಲೆಂಡರ್ ಫ್ರಿಜ್ಜಿನ ಪಕ್ಕಕ್ಕೆ ಹೋಗಿದೆ. ಛತ್ರಿಗಳು ಮಾತ್ರ ಮಳೆ ಬಂದ ದಿನ ತಪ್ಪದೆ ಅಲ್ಲಿಗೇ ವಾಪಸ್ಸು ಬರುತ್ತವೆ, ನಾನು ತೆಗೆದಿಡುತ್ತಲೇ ಇದ್ದೇನೆ.