ಮೌತ್ ಆರ್ಗನ್ ಪೀಪಿ ಅನ್ನಿಸದ ಹಾಗೆ ನುಡಿಸೋದು ಹೇಗೆ

ತುಮಕೂರಿನ ಒಂದು ಗಣಪತಿ ಪೆಂಡಾಲ್, ಯಾವ ಬಡಾವಣೆ ಅಂತ ಬೇಡ. ಆರ್ಕೆಸ್ಟ್ರಾದವರ ಕೀಬೋರ್ಡ್ ವೈರ್ ಕೈಕೊಟ್ಟಿತ್ತು. ಸ್ಟೇಜ್ ಪಕ್ಕ ಮೌತ್ ಆರ್ಗನ್ ಹಿಡಿದು ನಿಂತಿದ್ದ ನನ್ನನ್ನು ನೋಡಿ, ಮೈಕ್ ಹಿಡಿದಿದ್ದವರು "ಬಾರಪ್ಪಾ, ವೈರ್ ಸರಿ ಹೋಗೋವರೆಗೂ ಆ ಪೀಪಿ ಊದ್ತಾ ಇರು" ಅಂದರು. ಸ್ಟೇಜ್ ಹತ್ತಿದೆ. ಪಲ್ಲವಿ ಮುಗಿದು ಚರಣಕ್ಕೆ ಬರುವಷ್ಟರಲ್ಲಿ ವೈರ್ ಸರಿಹೋಯಿತು, ನನ್ನ ಮೈಕ್ ಬಂದ್. ಮೂರು ದಿನ ಕೋಪ ಇತ್ತು. ಆಮೇಲೆ ಯಾರೋ ಫೋನಿನಲ್ಲಿ ತೆಗೆದ ವಿಡಿಯೋ ಕಳಿಸಿದರು. ಕೇಳಿದರೆ ಅವರು ಹೇಳಿದ್ದು ಸರಿಯಾಗೇ ಇತ್ತು, ನಾನು ಊದಿದ್ದು ಪೀಪಿಯೇ. ಒಂದು ಸ್ವರ ಬೇಕಾದ ಕಡೆ ಅಕ್ಕಪಕ್ಕದ ಎರಡು ಸ್ವರವೂ ಜೊತೆಗೆ ಎಳೆದುಕೊಂಡು ಬರುತ್ತಿದ್ದವು.

ಈ ವಾದ್ಯಕ್ಕೆ ಮರ್ಯಾದೆ ಕಡಿಮೆ ಆಗಿರೋದು ಇಲ್ಲೇ. ಪಿಟೀಲು ಮೊದಲ ದಿನ ಹಿಡಿದರೆ ಬೆಕ್ಕು ಅತ್ತ ಹಾಗಿರುತ್ತೆ, ಮನೆಯವರೇ ಬಾಗಿಲು ಹಾಕಿಕೊಳ್ಳುತ್ತಾರೆ. ಮೌತ್ ಆರ್ಗನ್ ಹಾಗಲ್ಲ. ಸಿ ಶ್ರುತಿಯ ಹತ್ತು ತೂತಿನದು ತಗೊಂಡು ಎಲ್ಲಿ ಬಾಯಿಟ್ಟು ಊದಿದರೂ ಸ ಗ ಪ, ಬೇರೇನೂ ಬರೋದೇ ಇಲ್ಲ. ಸಿದ್ಧಗಂಗೆ ಜಾತ್ರೆಯಲ್ಲಿ ಪ್ಲಾಸ್ಟಿಕ್ ಮೌತ್ ಆರ್ಗನ್ ಕೊಡಿಸಿಕೊಂಡ ಮಗುವೂ ಮನೆ ಸೇರುವ ಮುಂಚೆ ಏನೋ ಒಂದು ಇಂಪಾಗಿ ಊದಿರುತ್ತೆ. ಹಾಗಾಗಿ ಕೇಳುವವರು ಇದರಲ್ಲಿ ಕಲಿಯೋದೇನಿದೆ ಅಂದುಕೊಳ್ಳುತ್ತಾರೆ, ಊದುವವನೂ ಹಾಗೇ ಅಂದುಕೊಂಡುಬಿಡುತ್ತಾನೆ. ಎರಡನೆಯದೇ ಜಾಸ್ತಿ ಅಪಾಯ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 1942ರಲ್ಲಿ ಅಮೆರಿಕದ ಸಂಗೀತಗಾರರ ಸಂಘ ರೆಕಾರ್ಡಿಂಗ್ ನಿಲ್ಲಿಸಿ ಮುಷ್ಕರ ಹೂಡಿತು. ಮೌತ್ ಆರ್ಗನ್‌ನವರು ಮಾತ್ರ ಆರಾಮಾಗಿ ರೆಕಾರ್ಡ್ ಮಾಡಬಹುದಿತ್ತು, ಯಾಕಂದ್ರೆ ಸಂಘದ ಲೆಕ್ಕದಲ್ಲಿ ಅದು ವಾದ್ಯವೇ ಅಲ್ಲ! 1951ರಲ್ಲಿ ಇಂಗ್ಲೆಂಡಿನ ವಾನ್ ವಿಲಿಯಮ್ಸ್ ಅಂಥ ದೊಡ್ಡ ಸಂಯೋಜಕರು ಮೌತ್ ಆರ್ಗನ್ ವಾದಕ ಲ್ಯಾರಿ ಆಡ್ಲರ್‌ಗೋಸ್ಕರ ಮೌತ್ ಆರ್ಗನ್ನಿಗೇ ಅಂತ ಒಂದು ಕೃತಿ ಬರೆದರು, ಅದು ಬೇರೆ ಮಾತು. ಇಲ್ಲಿಗೆ ಬಂದರೆ, ರಾಮನಗರದ ಬಂಡೆಗಳ ನಡುವೆ ತೆಗೆದ ಶೋಲೆಯಲ್ಲಿ ಅಮಿತಾಭ್ ಊದಿದ್ದು ಎಲ್ಲರಿಗೂ ನೆನಪಿದೆ. ನಿಜಕ್ಕೂ ನುಡಿಸಿದ್ದು ಭಾನು ಗುಪ್ತಾ. ಆ ಹೆಸರು ನಿಮ್ಮ ಓಣಿಯಲ್ಲಿ ಎಷ್ಟು ಜನಕ್ಕೆ ಗೊತ್ತು ಕೇಳಿ ನೋಡಿ.

ನನಗೆ ದಾರಿ ತೋರಿಸಿದವರು ಗುಬ್ಬಿ ಕಡೆಯ ಒಬ್ಬ ಹಾರ್ಮೋನಿಯಂ ಮೇಷ್ಟ್ರು. ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುವವರು. ನನ್ನ ಮೌತ್ ಆರ್ಗನ್ ಇಸಕೊಂಡು, ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರಿನಲ್ಲಿ ಮೇಲಿನ ತಗಡು ಬಿಚ್ಚಿದರು. ಒಳಗೆ ಸಾಲಾಗಿ ಹಿತ್ತಾಳೆ ರೀಡುಗಳು, ಅಂದ್ರೆ ಗಾಳಿಗೆ ಅದುರಿ ಸ್ವರ ಕೊಡುವ ತೆಳು ಪಟ್ಟಿಗಳು, ಎಡಗಡೆ ಉದ್ದ, ಬಲಕ್ಕೆ ಹೋಗ್ತಾ ಹೋಗ್ತಾ ಗಿಡ್ಡ. "ನಮ್ ಪೆಟ್ಟಿಗೆ ಒಳಗೂ ಇದೇ ಇರೋದು ಕಣಯ್ಯಾ. ಅಲ್ಲಿ ತಿದಿ ಒತ್ತಬೇಕು, ಇಲ್ಲಿ ನಿನ್ ಶ್ವಾಸಕೋಶನೇ ತಿದಿ" ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು: ಆ ಹಾರ್ಮೋನಿಯಂ ಪೆಟ್ಟಿಗೆಯನ್ನೂ 1940ರಿಂದ 1971ರವರೆಗೆ ಆಕಾಶವಾಣಿ ಹೊರಗೇ ಇಟ್ಟಿತ್ತು, ಗಮಕ, ಅಂದ್ರೆ ಸ್ವರವನ್ನು ತೂಗಿ ಬಳುಕಿಸೋದು, ಬರಲ್ಲ ಅಂತ. ಹಾರ್ಮೋನಿಯಂ ಮೇಲೇ ನಡೆಯುತ್ತಿದ್ದ ಗುಬ್ಬಿ ಕಂಪನಿ ನಾಟಕ ಕಂಡ ಊರಿನವರಿಗೆ ಅದು ಒಳ್ಳೇ ತಮಾಷೆ, ಅಲ್ವಾ?

ಸರಿ, ಈಗ ಕೆಲಸಕ್ಕೆ ಬರೋಣ. ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಕೊಡೋದು ಇಪ್ಪತ್ನಾಲ್ಕು ತೂತಿನ ಟ್ರೆಮೊಲೊ. ಅದರಲ್ಲಿ ಪ್ರತಿ ಸ್ವರಕ್ಕೂ ಎರಡು ರೀಡು, ಒಂದಕ್ಕೊಂದು ಕೂದಲೆಳೆಯಷ್ಟು ಶ್ರುತಿ ಬೇರೆ, ಅದಕ್ಕೇ ಆ ನಡುಗುವ ನಾದ. ಸಿನಿಮಾ ಹಾಡಿಗೆ ಚೆನ್ನಾಗಿರುತ್ತೆ. ಆದರೆ ಸ್ವರ ಬಗ್ಗಿಸೋಕೆ, ಅಂದ್ರೆ ಉಸಿರಲ್ಲೇ ಸ್ವರವನ್ನು ಕೆಳಗೆ ಜಾರಿಸೋಕೆ, ಬರಲ್ಲ. ಹತ್ತು ತೂತಿನ ಡಯಾಟೋನಿಕ್ (ಒಂದೇ ಶ್ರುತಿಯ ಏಳು ಸ್ವರಗಳದ್ದು), ಸಿ ಶ್ರುತಿಯದು ಕೊಡಿ ಅಂತ ಕೇಳಿ. ಸಿ ಅಂದ್ರೆ ನಮ್ಮ ಒಂದು ಮನೆ ಶ್ರುತಿ. ಪಕ್ಕದಲ್ಲಿ ಗುಂಡಿ ಇರುವ ಕ್ರೊಮ್ಯಾಟಿಕ್‌ನಲ್ಲಿ ಹನ್ನೆರಡೂ ಸ್ವರಸ್ಥಾನ ಸಿಗುತ್ತವೆ, ಆದರೆ ದುಬಾರಿ. ಅದು ಆಮೇಲೆ ನೋಡಿದರಾಯಿತು.

ಮೊದಲ ಹದಿನೈದು ದಿನ ಹಾಡು ಬೇಡ. ನಿಜವಾಗಲೂ ಬೇಡ. ಶಿಳ್ಳೆ ಹಾಕುವ ಹಾಗೆ ತುಟಿ ಮುಂದೆ ಮಾಡಿ, ಮೌತ್ ಆರ್ಗನ್ನನ್ನು ತುಟಿಯ ಒಳಗಿನ ಒದ್ದೆ ಜಾಗಕ್ಕೆ ತಾಗುವಷ್ಟು ಒಳಗೆ ಇಟ್ಟುಕೊಂಡು ನಾಲ್ಕನೇ ತೂತು ಒಂದನ್ನೇ ಊದಿ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಳ್ಳಿ. ಮೂರು, ಐದು ಯಾವುದೂ ಸೇರದೆ ಒಂದೇ ಸ್ವರ ಬಂದಾಗ ಗೊತ್ತಾಗಿಯೇ ಆಗುತ್ತೆ, ಗುಂಪಿನ ಗಲಾಟೆ ನಿಂತು ಒಬ್ಬನೇ ಮಾತಾಡಿದ ಹಾಗಿರುತ್ತೆ. ಕೆನ್ನೆ ಉಬ್ಬಿಸಬೇಡಿ. ಗಾಳಿ ಹೊಟ್ಟೆಯಿಂದ ಬರಲಿ, ಮೆಲ್ಲಗೆ. ಜೋರಾಗಿ ಊದಿದಷ್ಟೂ ರೀಡು ಬೇಗ ದಣಿದು ಶ್ರುತಿ ಇಳಿಯುತ್ತೆ. ನನ್ನ ಮೊದಲನೆಯದರ ಐದನೇ ತೂತು ಹೀಗೇ ಹೋಯಿತು.

ಆಮೇಲೆ ಮೋಹನ ರಾಗ ಹಿಡಿಯಿರಿ. ನಾಲ್ಕು ಊದಿದರೆ ಸ, ನಾಲ್ಕೇ ಒಳಗೆಳೆದರೆ ರಿ, ಐದು ಊದಿದರೆ ಗ, ಆರು ಊದಿದರೆ ಪ, ಆರು ಎಳೆದರೆ ದ, ಏಳು ಊದಿದರೆ ಮೇಲಿನ ಸ. ಐದೇ ಸ್ವರ, ಎಲ್ಲೂ ತೊಡಕಿಲ್ಲ. ತೊಡಕು ಬರೋದು ಏಳೂ ಸ್ವರದ ಶಂಕರಾಭರಣ ರಾಗಕ್ಕೆ ಹೋದಾಗ. ಐದು ಎಳೆದರೆ ಮ, ಏಳು ಎಳೆದರೆ ನಿ. ಅಲ್ಲಿವರೆಗೂ ಪ್ರತಿ ತೂತಲ್ಲಿ ಮೊದಲು ಊದಿ ಆಮೇಲೆ ಎಳೆಯುತ್ತಿದ್ದವರು, ಏಳನೇ ತೂತಿನಲ್ಲಿ ಮೊದಲು ಎಳೆದು ಆಮೇಲೆ ಊದಬೇಕು. ಎಲ್ಲರೂ ಎಡವೋದು ಅಲ್ಲೇ. ದ ನಿ ಸ, ಸ ನಿ ದ ಅಷ್ಟನ್ನೇ ನೂರು ಸಲ ಮಾಡಿ, ಬೇರೆ ಉಪಾಯ ಇಲ್ಲ. ಎಡಗಡೆ ಕೆಳಗಿನ ಸ್ಥಾಯಿಯಲ್ಲಿ ಮ ಮತ್ತು ದ ನೇರವಾಗಿ ಸಿಗೋದೇ ಇಲ್ಲ, ಹುಡುಕಿ ಸುಸ್ತಾಗಬೇಡಿ.

ನಿಜವಾದ ಆಟ ಸ್ವರ ಬಗ್ಗಿಸೋದರಲ್ಲಿದೆ. ನಾಲ್ಕನೇ ತೂತು ಎಳೆಯುತ್ತಾ ಬಾಯೊಳಗೆ ಈ ಅನ್ನುವ ಆಕಾರದಿಂದ ನಿಧಾನಕ್ಕೆ ಊ ಅನ್ನುವ ಆಕಾರಕ್ಕೆ ಬನ್ನಿ, ನಾಲಿಗೆ ಹಿಂದಕ್ಕೆ ಸರಿಯಲಿ, ದವಡೆ ಸ್ವಲ್ಪ ಇಳಿಯಲಿ. ವಾರಗಟ್ಟಲೆ ಏನೂ ಆಗಲ್ಲ. ಒಂದಿನ ಇದ್ದಕ್ಕಿದ್ದ ಹಾಗೆ ರಿ ಅರ್ಧ ಮೆಟ್ಟಿಲು ಕೆಳಗೆ ಜಾರುತ್ತೆ, ಅದೇ ಶುದ್ಧ ರಿಷಭ. ಆರನೇ ತೂತಿನ ದ ಹಾಗೇ ಜಾರಿಸಿದರೆ ಶುದ್ಧ ಧೈವತ. ಉಳಿದ ಸ್ವರ ಮೊದಲೇ ಕೈಲಿವೆ. ಈಗ ಸ ರಿ ಗ ಮ ಪ ದ ನಿ ಸ ನುಡಿಸಿ ನೋಡಿ, ಮಾಯಾಮಾಳವಗೌಳ ರಾಗ! ಸಂಗೀತದ ಪಾಠದಲ್ಲಿ ಮಕ್ಕಳು ಮೊದಲ ದಿನ ಹಾಡುವ ಸರಳೆ ವರಸೆ, ನನಗೆ ಅದು ಬರೋಕೆ ಐದು ತಿಂಗಳು ಹಿಡಿಯಿತು. ಮೇಷ್ಟ್ರ ಮುಂದೆ ನುಡಿಸಿದಾಗ ಅವರು ಹೊಗಳಲಿಲ್ಲ, "ರಿ ಇನ್ನೂ ಸ್ವಲ್ಪ ಮೇಲಿದೆ" ಅಂದರು. ಆ ಪೀಪಿ ಬಗ್ಗೆ ಯಾರೂ ಅಲ್ಲಿವರೆಗೆ ಶ್ರುತಿಯ ಮಾತೇ ಎತ್ತಿರಲಿಲ್ಲ. ಹಾಗಂತ ತೋಡಿಯ ಗಮಕವೆಲ್ಲ ಬರುತ್ತೆ ಅಂತ ನಾನು ಹೇಳಲ್ಲ. ಜಾರು ಬರುತ್ತೆ, ಅದೂ ಕೆಲವೇ ತೂತುಗಳಲ್ಲಿ.

ಸ್ಟೇಜಿನಲ್ಲಿ ನುಡಿಸೋದಾದರೆ ಮೈಕನ್ನು ಸ್ಟ್ಯಾಂಡಿಗೆ ಬಿಡಬೇಡಿ, ಮೌತ್ ಆರ್ಗನ್ ಜೊತೆ ಎರಡೂ ಕೈಯೊಳಗೆ ಬೊಗಸೆ ಮಾಡಿ ಹಿಡಿಯಿರಿ, ನಾದ ತುಂಬಿ ಬರುತ್ತೆ. ಮಾನಿಟರ್ ಸ್ಪೀಕರ್ ಎದುರು ಮಾತ್ರ ನಿಲ್ಲಬೇಡಿ, ಕಿರುಚುತ್ತೆ. ವೇಗದ ಹಾಡಿಗಿಂತ ನಿಧಾನದ್ದೇ ಆರಿಸಿ, ಒಂಟಿ ಸ್ವರ ಎಷ್ಟು ಸ್ವಚ್ಛ ಅಂತ ಜನಕ್ಕೆ ಕೇಳಿಸೋದು ಅದರಲ್ಲೇ.

ನುಡಿಸಿದ ಮೇಲೆ ತೂತುಗಳನ್ನು ಕೆಳಮುಖ ಮಾಡಿ ಅಂಗೈಗೆ ತಟ್ಟಿ, ಎಂಜಲು ಇಳಿಯಲಿ. ಬರೀ ಜೇಬಿಗೆ ಹಾಕಬೇಡಿ, ನೂಲು ಹೋಗಿ ರೀಡಿಗೆ ಸಿಕ್ಕಿಕೊಳ್ಳುತ್ತೆ, ಡಬ್ಬಿ ಇರಲಿ. ಒಳಗೆ ಮರದ್ದಿದ್ದರೆ ನೀರಿನಲ್ಲಿ ತೊಳೆಯಬೇಡಿ, ಉಬ್ಬುತ್ತೆ. ಅಮಾನಿಕೆರೆ ಹತ್ತಿರ ಚುರುಮುರಿ ತಿಂದು ಹಾಗೇ ಊದಬೇಡಿ, ಬಾಯಿ ಮುಕ್ಕಳಿಸಿ. ಸ್ನೇಹಿತರು "ಕೊಡೋ, ಒಂಚೂರು ಊದಿ ಕೊಡ್ತೀನಿ" ಅಂತಾರೆ. ಕೊಡಬೇಡಿ.