ಅಟ್ಟದ ಸಾಮಾನು ಇಳಿಯೋ ತಿಂಗಳು ಯಾವುದು?

ಅಟ್ಟ ಕ್ಲೀನ್ ಮಾಡಲು ಹೊರಟವರನ್ನು ಬೇಕಾದಷ್ಟು ನೋಡಿದ್ದೇನೆ. ಬೆಳಗ್ಗೆ ಹತ್ತಕ್ಕೆ ಸ್ಟೂಲ್ ಹತ್ತುತ್ತಾರೆ. ಹನ್ನೊಂದಕ್ಕೆ ಮದುವೆ ಆಲ್ಬಂ ಸಿಗುತ್ತದೆ. ಹನ್ನೆರಡಕ್ಕೆ ಮನೆಯವರೆಲ್ಲ ಅದರ ಸುತ್ತ ಕೂತು, "ಅಯ್ಯೋ, ಆಗ ಎಷ್ಟು ತೆಳ್ಳಗಿದ್ರಿ" ಅಂತ ನಗುತ್ತಿರುತ್ತಾರೆ. ಎರಡು ಗಂಟೆಗೆ ಊಟಕ್ಕೆ ಕೂರಲು ಜಾಗ ಬೇಕಲ್ಲ, ಇಳಿಸಿದ್ದನ್ನೆಲ್ಲ ಹಾಗೇ ವಾಪಸ್ ಏರಿಸುತ್ತಾರೆ. ಧೂಳು ಮಾತ್ರ ಅಟ್ಟದಿಂದ ಮಂಚಕ್ಕೆ ಬಂದಿರುತ್ತದೆ.

ನಾವಿರುವುದು ಬೆಂಗಳೂರಿನಲ್ಲಿ, ಇಪ್ಪತ್ತಡಿ-ಮೂವತ್ತಡಿ ಸೈಟಿನ ಮೊದಲ ಮಹಡಿಯಲ್ಲಿ. ಸೈಟೇ 600 ಚದರಡಿ. ಅದರಲ್ಲಿ ಮೆಟ್ಟಿಲಿಗೆ, ಗೋಡೆಗೆ ಹೋಗಿ ಉಳಿದದ್ದು ನಮಗೆ. ಇಂಥ ಮನೆಯಲ್ಲಿ ಅಟ್ಟ ತುಂಬಿದರೆ ಮುಂದಿನ ಸಾಮಾನು ಮಂಚದ ಕೆಳಗೆ, ಆಮೇಲೆ ಬಾಗಿಲ ಹಿಂದೆ, ಕೊನೆಗೆ ಡೈನಿಂಗ್ ಟೇಬಲ್ ಮೇಲೆ. ಹಾಗಾಗಿ ಬೀರು, ಶೂ ಸ್ಟ್ಯಾಂಡು ಎಲ್ಲ ಆಮೇಲೆ. ಮೊದಲು ಅಟ್ಟ.

ನಮ್ಮಜ್ಜಿ ಮನೆ ತಿಪಟೂರು ಕಡೆ. ಅಲ್ಲೂ ಅಟ್ಟ ಇತ್ತು, ತುಂಬಾ ತೆಂಗಿನಕಾಯಿ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಎಂಟು ತಿಂಗಳಿಂದ ಒಂದು ವರ್ಷ ಅಲ್ಲೇ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅಂದ ಮೇಲೆ ಇಳಿಸಿ, ಸುಲಿದು, ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ಆ ಅಟ್ಟಕ್ಕೆ ಹತ್ತಿದ ಪ್ರತಿಯೊಂದಕ್ಕೂ ಇಳಿಯುವ ದಿನ ಇತ್ತು. ನಮ್ಮ ಸಿಟಿ ಅಟ್ಟದ ರೋಗ ಇದೇ ನೋಡಿ. ಹತ್ತುವ ದಿನ ಇದೆ, ಇಳಿಯುವ ದಿನ ಇಲ್ಲ.

1. ಫ್ಯಾನ್ ಸ್ವಿಚ್‌ಗೆ ಟೇಪು

ತಮಾಷೆಯಲ್ಲ. ರೂಮಿನ ಅಟ್ಟದ ಮುಂದೆಯೇ ಸೀಲಿಂಗ್ ಫ್ಯಾನ್ ಇರುತ್ತದೆ. ನೀವು ಸ್ಟೂಲ್ ಮೇಲೆ ನಿಂತಿರುವಾಗ ಯಾರೋ ಸೆಖೆ ಅಂತ ಫ್ಯಾನ್ ಹಾಕಿಬಿಡುತ್ತಾರೆ. ಸ್ವಿಚ್ ಆಫ್ ಮಾಡಿ, ಅದರ ಮೇಲೆ ಒಂದು ತುಂಡು ಟೇಪು ಅಂಟಿಸಿ. ಮಂಚದ ಮೇಲೆ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಹತ್ತುವ ಸರ್ಕಸ್ ಬೇಡ. ಪಕ್ಕದ ಮನೆಯಿಂದ ಏಣಿ ಕೇಳಿ ತನ್ನಿ. ಇಬ್ಬರು ಬೇಕೇ ಬೇಕು, ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೂಗಿಗೆ ಬಟ್ಟೆ, ಹಾಸಿಗೆ ಮೇಲೆ ಹಳೇ ಬೆಡ್‌ಶೀಟು.

ಹಬ್ಬದ ಹಿಂದಿನ ದಿನ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಒಬ್ಬಟ್ಟಿನ ಹೂರಣದ ಜೊತೆ ಅಟ್ಟದ ಧೂಳು ಸೇರುವುದು ಬೇಡ.

2. ಪೂರ್ತಿ ಇಳಿಸಿ

ಅರ್ಧ ಇಳಿಸಿ, ಉಳಿದರ್ಧವನ್ನು ಆ ಕಡೆ ತಳ್ಳಿ ಒರೆಸುವುದು ಕ್ಲೀನಿಂಗ್ ಅಲ್ಲ. ಎಲ್ಲ ಇಳಿಯಲಿ. ಮೇಲೆ ನಿಂತವರು ಯಾವ ಡಬ್ಬವನ್ನೂ ತೆರೆಯಬಾರದು.

3. ಒರೆಸಿ, ಒಣಗಿಸಿ

ಮೊದಲು ಒಣ ಬ್ರಷ್, ಆಮೇಲೆ ಹಿಂಡಿದ ಒದ್ದೆ ಬಟ್ಟೆ. ಮೂಲೆಯಲ್ಲಿ ಅಲಸಂದೆ ಕಾಳಿನಂಥ ಕಂದು ಬಣ್ಣದ ಗೂಡು ಕಂಡರೆ ಅದು ಜಿರಳೆ ಮೊಟ್ಟೆಯ ಚೀಲ. ಗುಡಿಸಿ ಅಲ್ಲೇ ಬಿಡಬೇಡಿ, ಜಜ್ಜಿ ಆಚೆ ಹಾಕಿ. ಗೋಡೆ ಮುಟ್ಟಿ ನೋಡಿ. ತಣ್ಣಗೆ, ತೇವ ಅನ್ನಿಸಿದರೆ ಅಲ್ಲಿ ನೀರು ಜಿನುಗುತ್ತಿದೆ ಅಂತ ಅರ್ಥ. ಅದನ್ನು ಸರಿ ಮಾಡಿಸುವವರೆಗೆ ಆ ಜಾಗ ಖಾಲಿ ಇರಲಿ.

4. ಈಗ ಬಂತು ನಿಜವಾದ ಕೆಲಸ

ಹಾಲ್‌ನಲ್ಲಿ ದೊಡ್ಡ ಬೆಡ್‌ಶೀಟ್ ಹಾಸಿ, ಎಲ್ಲವನ್ನೂ ಅದರ ಮೇಲೆ ಸುರಿಯಿರಿ. ಆಲ್ಬಂ, ಹಳೇ ಪತ್ರ, ಮಕ್ಕಳ ಮೊದಲ ಶೂ, ಇವನ್ನು ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಅಡುಗೆಮನೆಯಲ್ಲಿಡಿ. ಇವತ್ತು ಅವುಗಳ ಸುದ್ದಿಗೆ ಹೋಗುವುದೇ ಬೇಡ.

ಎಲ್ಲರೂ ಎಡವುವುದು ಇಲ್ಲೇ. "ಇದು ಬೇಕಾ?" ಅಂತ ಕೇಳಿಕೊಳ್ಳುತ್ತಾರೆ. ಹಾಗೆ ಕೇಳಿದರೆ ಯಾವ ಸಾಮಾನೂ ಬೇಡ ಅನ್ನಿಸುವುದಿಲ್ಲ. ತುಕ್ಕು ಹಿಡಿದ ಇಡ್ಲಿ ಸ್ಟ್ಯಾಂಡ್ ಕೂಡ "ಇರಲಿ ಬಿಡು, ಯಾವತ್ತಾದ್ರೂ ಬೇಕಾಗಬಹುದು" ಅನ್ನುತ್ತದೆ. ಕೇಳಬೇಕಾದದ್ದು ಬೇರೆ: "ಇದು ಯಾವ ತಿಂಗಳಲ್ಲಿ ಇಳಿಯುತ್ತೆ?"

ಗೊಂಬೆ ಪೆಟ್ಟಿಗೆ ನವರಾತ್ರಿಗೆ ಇಳಿಯುತ್ತದೆ. ಸ್ವೆಟರು, ರಗ್ಗು ನವೆಂಬರಿಗೆ. ಸಂಡಿಗೆ ಹಾಕುವ ಶೀಟು ಮಾರ್ಚಿಗೆ, ಉಪ್ಪಿನಕಾಯಿ ಜಾಡಿ ಮಾವಿನಕಾಯಿ ಬಂದಾಗ. ಗಣೇಶನ ಮಂಟಪ, ಆಕಾಶಬುಟ್ಟಿ, ಬೇಸಿಗೆ ರಜೆಯ ಸೂಟ್‌ಕೇಸು, ಎಲ್ಲದಕ್ಕೂ ತಿಂಗಳಿದೆ. ತಿಂಗಳು ಹೇಳಲು ತಡವರಿಸಿದರೆ ಆ ಸಾಮಾನು ಅಟ್ಟದ್ದಲ್ಲ. ಒಂದೋ ಕೆಳಗಿಟ್ಟು ಬಳಸಿ, ಇಲ್ಲಾ ಮನೆಯಿಂದ ಕಳಿಸಿ.

ಈ ಪ್ರಶ್ನೆಗೂ ಬಗ್ಗದ ಸಾಮಾನುಗಳಿವೆ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಖಾಲಿ ಡಬ್ಬಗಳು. ಮಿಕ್ಸಿ ಡಬ್ಬ, ಕುಕ್ಕರ್ ಡಬ್ಬ, ಫೋನ್ ಡಬ್ಬ. "ವಾರಂಟಿಗೆ ಬೇಕು" ಅನ್ನುತ್ತಾರೆ. ಸಾಮಾನ್ಯವಾಗಿ ಕೇಳುವುದು ಬಿಲ್ಲನ್ನು, ವಾರಂಟಿ ಕಾರ್ಡನ್ನು. ಬಿಲ್ಲಿನ ಫೋಟೋ ತೆಗೆದುಕೊಳ್ಳಿ, ಅಂಗಡಿ ಬಿಲ್ಲಿನ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ. ಬಾಡಿಗೆ ಮನೆಯವರು ಟಿವಿ ಡಬ್ಬ ಒಂದನ್ನು ಇಟ್ಟುಕೊಳ್ಳಲಿ, ಮನೆ ಬದಲಿಸುವಾಗ ಉಪಯೋಗಕ್ಕೆ ಬರುತ್ತದೆ. ಅದನ್ನೂ ಬಿಚ್ಚಿ ಚಪ್ಪಟೆ ಮಾಡಿ ಗೋಡೆಗೆ ಒರಗಿಸಿ. ಥರ್ಮಾಕೋಲ್ ಒಂದು ಚೀಲಕ್ಕೆ. ಉಳಿದ ರಟ್ಟಿನ ಡಬ್ಬಗಳೆಲ್ಲ ಜಿರಳೆಗೆ ಬಾಣಂತನದ ಮನೆ. ಅದರ ಪದರಗಳ ಸಂದಿಯಲ್ಲಿ ಮೊಟ್ಟೆ ಇಡುತ್ತವೆ, ಅಂಟು ಬೇರೆ ತಿನ್ನಲು ಸಿಗುತ್ತದೆ.

ಎರಡನೆಯದು ಪಾತ್ರೆ. ಇದು ಸೂಕ್ಷ್ಮದ ವಿಚಾರ, ಯಾಕೆಂದರೆ ಪಾತ್ರೆ ಮೇಲೆ ಹೆಸರಿರುತ್ತದೆ. ಗೃಹಪ್ರವೇಶಕ್ಕೆ ಬಂದದ್ದು, ಸೀಮಂತಕ್ಕೆ ಬಂದದ್ದು, ಯಾರದೋ ಮದುವೆಯಲ್ಲಿ ಕೊಟ್ಟ ಸ್ಟೀಲ್ ಡಬ್ಬಿ. ಚುಕ್ಕೆ ಚುಕ್ಕೆಯಾಗಿ ಹೊಡೆಸಿದ ಹೆಸರು, ತಾರೀಕು. ನಮ್ಮನೆ ಅಟ್ಟದಲ್ಲಿ ಎರಡು ದೊಡ್ಡ ಕೊಳದಪ್ಪಲೆ, ಮೂರು ಡಜನ್ ಲೋಟ, ಒಂದು ಹಿತ್ತಾಳೆ ಕೊಳಗ ಇತ್ತು.

"ಐವತ್ತು ಜನ ಬಂದ್ರೆ ಏನ್ ಮಾಡ್ತೀಯಮ್ಮ?" ಅಂದರು ನಮ್ಮತ್ತೆ.

"ಐವತ್ತು ಜನ ಬಂದ್ರೆ ಎಲ್ಲಿ ಕೂರಿಸ್ತೀರತ್ತೆ?" ಅಂದೆ.

ಅವರು ಹಾಲ್ ನೋಡಿದರು. ಮಾತಾಡಲಿಲ್ಲ. ನಾನೂ ಸುಮ್ಮನಾದೆ. ಗೆದ್ದೆ ಅಂತ ಆಗಲೇ ಪಾತ್ರೆ ಚೀಲಕ್ಕೆ ತುಂಬಿದರೆ ಕೆಲಸ ಅಲ್ಲಿಗೇ ಕೆಡುತ್ತದೆ. "ನಿಮಗೆ ಯಾವುದು ಉಳಿಬೇಕು, ನೀವೇ ತೆಗೀರಿ" ಅಂದು ಕಾಫಿ ಮಾಡಲು ಹೋದೆ. ವಾಪಸ್ ಬಂದಾಗ ಹಿತ್ತಾಳೆ ಕೊಳಗ ಒಂದನ್ನು ಪಕ್ಕಕ್ಕಿಟ್ಟುಕೊಂಡು, ಅದರ ಕಂಠದ ಮೇಲಿನ ಅಕ್ಷರಗಳನ್ನು ಸೆರಗಿನಿಂದ ಉಜ್ಜುತ್ತಿದ್ದರು. ಅವರ ತಾಯಿಯ ಹೆಸರು, ಒಂದು ಕೊಂಬು ಸವೆದುಹೋಗಿತ್ತು. "ಇದೊಂದಿರಲಿ. ಮಿಕ್ಕಿದ್ದು ನಿನ್ನಿಷ್ಟ."

ಹಾಗಾಗಿ ಹಿರಿಯರ ಪಾತ್ರೆಯನ್ನು ಅವರು ಊರಿಗೆ ಹೋದಾಗ ಕದ್ದು ಸಾಗಿಸಬೇಡಿ. ಅವರ ಕೈಯಿಂದಲೇ ಆರಿಸಿ. ಉಳಿಸಿಕೊಂಡಿದ್ದನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ, ಬಳಸಿ. ನಮ್ಮ ಕೊಳಗದಲ್ಲಿ ಈಗ ಅಕ್ಕಿ ಇದೆ. ಹಿತ್ತಾಳೆಯಲ್ಲಿ ಅಡುಗೆ ಮಾಡುವ ಆಸೆಯಿದ್ದರೆ ಮೊದಲು ಕಲಾಯಿ ಹಾಕಿಸಿ. ಕಲಾಯಿ ಇಲ್ಲದ ಹಿತ್ತಾಳೆಗೆ ಹುಣಸೆಹಣ್ಣು, ಮಜ್ಜಿಗೆ ಬಿದ್ದರೆ ಕಿಲುಬು ಹೊಟ್ಟೆಗೆ ಹೋಗುತ್ತದೆ. ದೊಡ್ಡ ಅಡುಗೆ ಬಿದ್ದರೆ ಶಾಮಿಯಾನದ ಅಂಗಡಿಯಲ್ಲಿ ಪಾತ್ರೆ ಬಾಡಿಗೆಗೆ ಸಿಗುತ್ತದೆ.

ಮೂರನೆಯದು ವೈರು, ಚಾರ್ಜರು, ಸತ್ತ ಫೋನು. ಯಾವ ಚಾರ್ಜರ್ ಯಾವುದಕ್ಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂದರೆ ಅದಕ್ಕೆ ಇನ್ನು ಕೆಲಸವಿಲ್ಲ. ಹಳೇ ಫೋನನ್ನು ಅಟ್ಟದ ಬಿಸಿಯಲ್ಲಿ ಇಡಲೇಬೇಡಿ. ಹಿಂಬದಿ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ, ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಇವೆಲ್ಲ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಹೋಗಬೇಕು. ಸುರುಳಿ ಸಿಎಫ್‌ಎಲ್ ಬಲ್ಬಿನೊಳಗೆ ಪಾದರಸ ಇದೆ, ಅದನ್ನು ಒಡೆಯದೆ ರಟ್ಟಿನಲ್ಲಿ ಸುತ್ತಿ ಕೊಡಿ.

ನಾಲ್ಕನೆಯದು ರೇಷ್ಮೆ ಸೀರೆ. ಅಟ್ಟದ ಮೇಲೆ ರೇಷ್ಮೆ ಸೀರೆ ಇಟ್ಟವರ ಜೊತೆ ನಾನು ಜಗಳಕ್ಕೇ ಬರುತ್ತೇನೆ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದೆ ಜರಿ ಕಪ್ಪಾಗುತ್ತದೆ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಗೆರೆ ಸೀಳುತ್ತದೆ. ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಮೂರು-ನಾಲ್ಕು ತಿಂಗಳಿಗೊಮ್ಮೆ ನೆರಳಲ್ಲಿ ಹರವಿ, ಮಡಿಕೆ ಬದಲಿಸಿ.

ಸೈಟಿನ ಪತ್ರ, ಮಾರ್ಕ್ಸ್ ಕಾರ್ಡ್ ಸಿಕ್ಕರೆ ತಕ್ಷಣ ಕೆಳಗೆ. ಅವುಗಳ ಜಾಗ ಅಟ್ಟವಲ್ಲ.

5. ಅವತ್ತೇ ಮನೆ ದಾಟಿಸಿ

"ಕೊಡೋ ಚೀಲ" ಬಾಗಿಲ ಪಕ್ಕದಲ್ಲಿ ಮೂರು ತಿಂಗಳು ಕೂತು, ಆಮೇಲೆ ಅದೇ ಅಟ್ಟಕ್ಕೆ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಅಟ್ಟ ಇಳಿಸುವ ಹಿಂದಿನ ದಿನವೇ ಗುಜರಿಯವರಿಗೆ ಹೇಳಿಡಿ. ಪೇಪರ್, ರಟ್ಟು, ಕಬ್ಬಿಣ, ಸ್ಟೀಲ್ ಕೆಜಿಗೆ ಎಷ್ಟು ಅಂತ ಫೋನಿನಲ್ಲೇ ಕೇಳಿ. ಹಿತ್ತಾಳೆ, ತಾಮ್ರವನ್ನು ಕಬ್ಬಿಣದ ರಾಶಿಗೆ ಸೇರಿಸಿ ಕೊಡಬೇಡಿ, ಅದರ ರೇಟೇ ಬೇರೆ. ಗುಜರಿಗೆ ಬೇಡವಾದ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ, ಒಣ ಕಸದ ಚೀಲಕ್ಕೆ ಹಾಕಿ. ಹಸಿ ಕಸದ ಹಸಿರು ಬುಟ್ಟಿಗೆ ತುರುಕಿದರೆ ಕಸದ ಗಾಡಿಯವರ ಕೈಲಿ ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಲೇಬೇಕು.

ಹಳೇ ಬಟ್ಟೆಗೆ ಪಾತ್ರೆ ಕೊಡುವವರು ಬೀದಿಗೆ ಬಂದರೆ ಬಟ್ಟೆ ಕೊಡಿ, ಪಾತ್ರೆ ಬೇಡ, ದುಡ್ಡೋ ಬಟ್ಟೆ ಕ್ಲಿಪ್ಪೋ ಕೇಳಿ. ಇಲ್ಲದಿದ್ದರೆ ಒಂದು ಪಾತ್ರೆ ಕಳಿಸಿ ಇನ್ನೊಂದು ತಂದ ಹಾಗಾಯ್ತು, ಅಲ್ವಾ? ಗುಂಡಿ ಕಿತ್ತ ಅಂಗಿ, ಹರಿದ ಪ್ಯಾಂಟನ್ನು ಅನಾಥಾಶ್ರಮಕ್ಕೆ ಕೊಟ್ಟು ಪುಣ್ಯ ಲೆಕ್ಕ ಹಾಕಬೇಡಿ. ನಿಮ್ಮ ಮಗು ಹಾಕಿಕೊಳ್ಳದ್ದನ್ನು ಇನ್ನೊಂದು ಮಗು ಯಾಕೆ ಹಾಕಿಕೊಳ್ಳಬೇಕು? ಹರಿದದ್ದನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿ.

6. ಡಬ್ಬ ಕೊಳ್ಳುವುದು ಈಗ, ಮೊದಲಲ್ಲ

ಜನ ಮೊದಲು ಮಾಡುವುದೇ ಇದು. ಆನ್‌ಲೈನ್‌ನಲ್ಲಿ ಆರು ಪ್ಲಾಸ್ಟಿಕ್ ಡಬ್ಬ ತರಿಸುತ್ತಾರೆ, ಆಮೇಲೆ ಅದರಲ್ಲಿ ಏನು ಹಾಕೋಣ ಅಂತ ಹುಡುಕುತ್ತಾರೆ. ಉಳಿದದ್ದು ಎಷ್ಟು ಅಂತ ನೋಡಿ, ಅಟ್ಟದ ಎತ್ತರ, ಆಳ ಟೇಪಿನಲ್ಲಿ ಅಳೆದು ಆಮೇಲೆ ಅಂಗಡಿಗೆ ಹೋಗಿ. ಒಳಗಿರುವುದು ಕಾಣುವಂಥದ್ದು, ತುಂಬಿದ ಮೇಲೂ ತಲೆಯ ಮೇಲಿಂದ ಸಲೀಸಾಗಿ ಇಳಿಸಬಹುದಾದಷ್ಟು ಚಿಕ್ಕದು ಸಾಕು.

ಗಾಳಿ ಎಳೆದು ಚಪ್ಪಟೆ ಮಾಡುವ ಚೀಲಗಳಿಗೆ ನಾನೂ ಮರುಳಾಗಿದ್ದೆ. ರಜಾಯಿ ಹಾಕಿ, ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆದರೆ ಹಪ್ಪಳದ ಹಾಗೆ ಆಯಿತು. ಎರಡು ತಿಂಗಳಿಗೆ ಗಾಳಿ ಸೇರಿಕೊಂಡು ಮತ್ತೆ ಪೂರಿ. ಹತ್ತಿಯ ಹಳೇ ದಿಂಬಿನ ಕವರು ಇದಕ್ಕಿಂತ ವಾಸಿ. ಕಿಟಕಿ ಇರುವ ಅಗ್ಗದ ಸೀರೆ ಕವರುಗಳೂ ಬೇಡ, ಕೆಲವು ವರ್ಷಕ್ಕೆ ಪುಡಿಪುಡಿಯಾಗಿ ಬಟ್ಟೆಗೆ ಅಂಟುತ್ತವೆ.

ನುಸಿಗುಳಿಗೆ ಮಗು ಇರುವ ಮನೆಯಲ್ಲಿ ಬೇಡವೇ ಬೇಡ. ಮಿಠಾಯಿ ಅಂತ ಬಾಯಿಗೆ ಹಾಕಿಕೊಂಡರೆ ಅಪಾಯ. ಇನ್ನು ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ನ್ಯಾಫ್ತಲೀನ್ ಗುಳಿಗೆ ಜೊತೆ ಇಟ್ಟ ಬಟ್ಟೆ ಹೊದಿಸಿದರೂ ಅಂಥವರ ರಕ್ತಕಣ ಒಡೆಯಬಹುದು. ಬೇವಿನ ಎಲೆಯನ್ನು ಪೂರ್ತಿ ಗರಿಗರಿಯಾಗಿ ಒಣಗಿಸಿ, ಬಜೆ ತುಂಡಿನ ಜೊತೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ. ಅರೆಬರೆ ಒಣಗಿದ ಎಲೆ ಹಾಕಿದರೆ ಬೂಷ್ಟು ಬರುತ್ತದೆ.

7. ಏರಿಸುವುದು

ಪ್ರತಿ ಡಬ್ಬದ ಮುಂಭಾಗಕ್ಕೆ, ಕೆಳಗೆ ನಿಂತರೆ ಕಾಣುವ ಹಾಗೆ, ದಪ್ಪಕ್ಷರದಲ್ಲಿ ತಿಂಗಳು ಬರೆಯಿರಿ. "ನವೆಂಬರ್ – ಸ್ವೆಟರ್". ಮುಚ್ಚಳದ ಮೇಲೆ ಬರೆದರೆ ಹಲ್ಲಿ ಓದಬೇಕಷ್ಟೆ. ಬೇಗ ಇಳಿಯುವುದು ಮುಂದೆ, ತಡವಾಗಿ ಇಳಿಯುವುದು ಹಿಂದೆ. ಭಾರದ್ದು ಏನೂ ಮೇಲೆ ಬೇಡ, ತಲೆಯ ಮೇಲಿಂದ ಗ್ರೈಂಡರ್ ಇಳಿಸುವಾಗ ಸೊಂಟ ಹಿಡಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ತಿನ್ನುವ ಪದಾರ್ಥ ಇಟ್ಟರೆ ಇಲಿಗೆ ಆಹ್ವಾನ. ಬಚ್ಚಲಮನೆ ಅಟ್ಟದಲ್ಲಿ ಗೀಸರ್ ಪೈಪುಗಳಿದ್ದರೆ ಅದರ ಸುತ್ತ ಒಂದು ಮೊಳ ಜಾಗ ಬಿಡಿ. ಅಲ್ಲಿ ಬಟ್ಟೆ, ಕಾಗದ ಇಡಬೇಡಿ.

ಮರದ ಪಟ್ಟದ ಗೊಂಬೆಗಳನ್ನು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿ. ರಾಜನ ಕೈ, ರಾಣಿಯ ಕೈ ಮುರಿಯುವುದು ಇಡುವಾಗಲೇ. ಚನ್ನಪಟ್ಟಣದ ಗೊಂಬೆಗಳನ್ನು ಒಂದಕ್ಕೊಂದು ತಾಗಿಸಿ ಇಡಬೇಡಿ, ಸೆಖೆಗೆ ಅರಗು ಅಂಟಿಕೊಳ್ಳಬಹುದು.

ಎಲ್ಲ ಏರಿಸಿದ ಮೇಲೆ ಅಟ್ಟದ ಒಂದು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, "ಅದೆಲ್ಲಿದೆ, ಇದೆಲ್ಲಿದೆ" ಅಂತ ನಿಮ್ಮನ್ನೇ ಕೇಳುವುದು ತಪ್ಪುತ್ತದೆ. ಅಡುಗೆಮನೆಯಲ್ಲಿ ಕಟ್ಟಿಟ್ಟ ಆಲ್ಬಂ ಚೀಲ ಬಿಚ್ಚಬಹುದು ಈಗ. ಏಣಿ ಪಕ್ಕದ ಮನೆಗೆ ವಾಪಸ್ ಕೊಡಿ. ಟೇಪು ಕಿತ್ತು ಫ್ಯಾನ್ ಹಾಕಿ.